ಮೊಲಕ್ಕೊಂದು ಜೋಡಿ

ವಾಡಿ
೧೭ ಡಿಸೆಂಬರ್ ೨೦೨೪

ರಾಜರತ್ನ ಅವರಿಗೆ ಮೈತ್ರಿಯ ನಮಸ್ಕಾರ.

ಫೋನಿನಲ್ಲಿ ನಾವಿಬ್ಬರೂ ಬೇಗ ಮುನಿಯುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ಯುಗಾದಿಯ ನಂತರ ನೀವು ಸೇಡಂನಲ್ಲಿ ಬೇರೆ ಕೋಣೆ ಹಿಡಿದಾಗ ಬೆಣ್ಣಿ, ಕಂಬಳಿ ಎರಡೂ ಮೊಲಗಳನ್ನು ನನ್ನ ಬಳಿಯೇ ಬಿಟ್ಟಿರಿ. ದೀಪಾವಳಿಯ ಹೊತ್ತಿಗೆ ಬೆಣ್ಣಿ ಸತ್ತದ್ದು, ಆಮೇಲೆ ಕಂಬಳಿ ಮೇವು ಬಿಟ್ಟದ್ದು ನಿಮಗೆ ಗೊತ್ತಿದೆ. “ಒಂಟಿ ಆಗ್ಯದ, ಅದಕ್ಕ ತಿನ್ನವಲ್ದು. ಸೋಬತಿಗೊಂದು ತಂದುಬಿಡು” ಎಂದಿರಿ. ನಾನು ಫೋನಿಟ್ಟೆ.

ಶಹಾಬಾದಿನ ಡಾಕ್ಟರರನ್ನು ಕೇಳಿದೆ. ಕಂಬಳಿಯ ದವಡೆಹಲ್ಲು ಬೆಳೆದು ನಾಲಿಗೆಗೆ ಚುಚ್ಚುವುದು ಹಳೆಯ ರೋಗ, ಆಗಾಗ ತೇಯಿಸಲೇಬೇಕು. “ಬಾಯಿ ನೋಯ್ತಿದ್ರ ಎಷ್ಟು ಮಂದಿ ಮುಂದ ಕುಂತ್ರೂ ಉಣ್ಣಾಕಾಗಲ್ರೀ” ಎಂದರು ಅವರು. ಹೊಸದನ್ನು ತಂದರೆ ನಡುವೆ ತಂತಿಯ ಜಾಳಿ ಇಡಬೇಕು, ನೋವಿದ್ದ ಪ್ರಾಣಿ ಕಚ್ಚುತ್ತದೆ ಎಂದೂ ಹೇಳಿದರು.

ಆದರೂ, ರಾವೂರದಲ್ಲಿ ಮೊಲ ಸಾಕುವ ಇಮಾಮ್ಬೀಗೆ ನಮ್ಮ ಮೊಲಕ್ಕೆ ಜೋಡಿ ಬೇಕೆಂದು ಹೇಳಿ ಕಳಿಸಿದೆ. ಅವಳು ಬುಟ್ಟಿಯಲ್ಲಿ ಎರಡನ್ನು ತಂದಳು. ನಾನು ಕೇಳಿದ್ದು ಒಂದೇ ಎಂದೆ.

“ಜೋಡಿ ಅಂದ್ರಲ್ರೀ ಅಕ್ಕೋರೆ. ಚಪ್ಪಲ್ ಜೋಡಿ ಅಂದ್ರ ಅಂಗಡ್ಯಾಗ ಒಂದೇ ಕಾಲಿಂದು ಕೊಡ್ತಾರೇನ್ರಿ?”

ಒಂದನ್ನು ವಾಪಸ್ ಒಯ್ಯಲು ಹೇಳಿದೆ. ಅದಕ್ಕೂ ಒಪ್ಪಲಿಲ್ಲ. “ಕೂಡೇ ಹುಟ್ಟ್ಯಾವ ಇವು. ಒಂದು ಇಲ್ಲಿ ಬಿಟ್ರ ಇನ್ನೊಂದು ನಮ್ಮನ್ಯಾಗ ಉಪಾಸ ಕುಂದರ್ತದ. ಆಮ್ಯಾಲ ಅದಕ್ಕ ಜೋಡಿ ಕೇಳ್ಲಿಕ್ಕಿ ನಾ ಯಾರ ಮನಿಗಿ ಹೋಗ್ಲಿ?”

ಹೀಗಾಗಿ ಮನೆಯಲ್ಲೀಗ ಮೂರು ಮೊಲಗಳಿವೆ. ಮೊದಮೊದಲು ಜಾಳಿಯ ಆಚೆ ಅವೆರಡೂ ಒಂದರ ಕಿವಿಯನ್ನೊಂದು ನೆಕ್ಕುತ್ತಿದ್ದರೆ ಕಂಬಳಿ ಗೋಡೆಗೆ ಮುಖ ಮಾಡಿ ಕೂತಿರುತ್ತಿತ್ತು. ನೋಡಲಾಗದೆ ಜಾಳಿಗೆ ಚಾದರ ಹೊದಿಸಿದೆ. ಚಾದರದ ಹಿಂದಿನಿಂದ ಅವು ಒಣಹುಲ್ಲು ಅಗಿಯುವ ಸಪ್ಪಳ ಬರತೊಡಗಿತು. ಕಂಬಳಿಯ ಕಿವಿ ಆ ಕಡೆ ತಿರುಗಿತು. ಅದೇ ವಾರ ಹಲ್ಲು ತೇಯಿಸಿದೆ, ನೋವಿನ ಔಷಧಿಯೂ ಶುರುವಾಯಿತು. ಆ ಭಾನುವಾರ ಮುಂಜಾನೆ ಅದು ತಾನೇ ಜಾಳಿಯ ಬಳಿ ಹೋಗಿ, ಚಾದರದ ಅಂಚಿಗೆ ಮೈ ತಾಗಿಸಿ, ಮೆಂತೆ ಸೊಪ್ಪು ತಿಂದಿತು.

ಸೋಬತಿಯಿಂದ ಎಂದು ನೀವು ಹೇಳುವಿರಿ. ಹಲ್ಲಿನಿಂದ ಎಂದು ಹೇಳುವುದು ನನಗಿಷ್ಟ. ನಿಜವಾಗಿ ಯಾವುದರಿಂದ ಎಂದು ನನಗೆ ಗೊತ್ತಿಲ್ಲ. ಎರಡರಲ್ಲಿ ಒಂದನ್ನು ನಿಲ್ಲಿಸಿ ಪರೀಕ್ಷಿಸುವ ಧೈರ್ಯವೂ ಇಲ್ಲ. ರೋಗ ಹೋಗಿಲ್ಲ, ಹೋಗುವಂಥದ್ದೂ ಅಲ್ಲ. ಬೆಣ್ಣಿ ಮಲಗುತ್ತಿದ್ದ ಮೂಲೆಗೆ ಕಂಬಳಿ ಈಗಲೂ ದಿನಕ್ಕೊಮ್ಮೆ ಹೋಗಿ ಮೂಸಿ ಬರುತ್ತದೆ. ಆದರೆ ತಿನ್ನುತ್ತಿದೆ.

ಸಂಕ್ರಾಂತಿಗೆ ಮನೆಗೆ ಬರಲೇ ಎಂದು ಕೇಳಿದ್ದಿರಿ. ಅದಕ್ಕೆ ಉತ್ತರ ಈ ಪತ್ರದಲ್ಲಿ ಬರೆಯಲಾರೆ.

ಸದ್ಯ ಇಷ್ಟೇ ವರ್ತಮಾನ.

ಮೈತ್ರಿ

ತಾ.ಕ.: ಹಲ್ಲು ತೇಯುವ ಮುಂಚೆ ಸೂಜಿ ಹಾಕಲು ಕಂಬಳಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿಯಬೇಕು, ಅದಕ್ಕೆ ಇಬ್ಬರು ಬೇಕು. “ನಿಮ್ಮ ಮನಿಯವ್ರು ಎಲ್ರೀ?” ಎಂದು ಡಾಕ್ಟರರು ಪ್ರತಿ ಸಲ ಕೇಳುತ್ತಾರೆ. ಡ್ಯೂಟಿ ಮೇಲಿದ್ದಾರೆ ಎನ್ನುತ್ತ ಬಂದಿದ್ದೇನೆ. ಮುಂದಿನ ಸರದಿ ಶನಿವಾರ ಮುಂಜಾನೆ, ಶಹಾಬಾದಿನಲ್ಲಿ. ಈ ಸಲ ನೀವು ಬರುತ್ತೀರಿ ಎಂದು ಹೇಳಿಬಿಟ್ಟಿದ್ದೇನೆ.