ಕ್ಯಾನ್ಸರಿಗೂ ಮೊದಲು ಇಳಿಯಬೇಕಾದ ನಾಲ್ಕು ಕಿಲೋ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನನ್ನ ದೊಡ್ಡಮ್ಮನ ಎಡ ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಶುರುವಾಗಬೇಕಾದರೆ ಅವಳು ಇನ್ನೂ ನಾಲ್ಕು ಕಿಲೋ ಇಳಿಯಬೇಕು ಎಂದು ನಿಮ್ಮ ಏಳನೇ ಕೌಂಟರ್ ಅಪ್ಪಣೆ ಕೊಡಿಸಿದೆ. ನಾನು ಮೊದಲ ವರ್ಷದ ವಿದ್ಯಾರ್ಥಿನಿ, ಅದೂ ಕಾಮರ್ಸ್. ವೈದ್ಯಶಾಸ್ತ್ರ ನನಗೆ ತಿಳಿಯದು. ಆದ್ದರಿಂದ ತಿಳಿದವರಾದ ತಮ್ಮನ್ನೇ ಕೇಳುತ್ತಿದ್ದೇನೆ: ನಾಲ್ಕು ಕಿಲೋ ಕರಗುವವರೆಗೆ ಬೆಂಚಿನ ಮೇಲೆ ಕೈಕಟ್ಟಿ ಕೂತು ಕಾಯುವಷ್ಟು ಶಿಸ್ತಿನ ಕಾಯಿಲೆಯೇ ಕ್ಯಾನ್ಸರ್? ಹಾಗಿದ್ದರೆ ಅದನ್ನು ನಮ್ಮ ಹಾಸ್ಟೆಲಿಗೆ ಸೇರಿಸಿಬಿಡಿ. ವಾರ್ಡನ್ ಬಹಳ ಸಂತೋಷಪಡುತ್ತಾರೆ.

ದೊಡ್ಡಮ್ಮ ಟೇಲರ್. ಆರನೇ ಕ್ಲಾಸಿನಿಂದ ನನ್ನನ್ನು ಹಾಸ್ಟೆಲಿನಲ್ಲಿಟ್ಟು ಓದಿಸಿದ್ದು ಅವಳ ಹೊಲಿಗೆ ಮೆಷಿನ್ನೇ. ಈಗ ವಯಸ್ಸು ಐವತ್ತೇಳು. ನಿಮ್ಮಲ್ಲಿಗೆ ಬಂದಾಗ ತೂಕ ತೊಂಬತ್ತಾರು. ತನ್ನ ಗಾತ್ರದ ಬಗ್ಗೆ ಅವಳಿಗೆ ಯಾವ ಭ್ರಮೆಯೂ ಇಲ್ಲ. ಬಾಗಿಲಲ್ಲಿ ನಿಂತವರ ಸೊಂಟದ ಸುತ್ತಳತೆಯನ್ನು ಕೂತಲ್ಲಿಂದಲೇ ಹೇಳುವವಳಿಗೆ ತನ್ನದು ಗೊತ್ತಿರದೇ? ಐದು ತಿಂಗಳ ಹಿಂದೆ ತನಗೇ ಹೊಲಿದುಕೊಂಡ ಅಂಗಿಯಲ್ಲಿ ಡಾರ್ಟ್, ಅಂದರೆ ಎದೆಯ ಬಳಿ ಬಟ್ಟೆಯನ್ನು ಮಡಿಸಿ ಹಿಡಿಯುವ ಹೊಲಿಗೆ, ಎಡಗಡೆ ಕೂರಲಿಲ್ಲ. ಬಿಚ್ಚಿ ಹೊಲಿದಳು. ಆಗಲೂ ಕೂರಲಿಲ್ಲ. ನನಗೆ ಫೋನ್ ಮಾಡಿದಳು: “ತಪ್ಪು ಬಟ್ಟೇದಲ್ಲ ಕಣೇ. ಒಳಗೆ ಕಡಲೆಕಾಳಿನಷ್ಟು ಏನೋ ಗಟ್ಟಿಯಾಗಿ ಕೂತಿದೆ.” ಮರುದಿನವೇ ಔಟ್‌ಪಾಸ್ ಬರೆಸಿಕೊಂಡು ಓಡಿಬಂದೆ.

ನಿಮ್ಮ ಹೆಂಗಸರ ವಿಭಾಗದಲ್ಲೊಂದು ಘನವಾದ ಪದ್ಧತಿಯಿದೆ. ಯಾರೇ ಬರಲಿ, ಮೊದಲು ತೂಕದ ಯಂತ್ರ ಹತ್ತಬೇಕು. ಮುಳ್ಳು ತೊಂಬತ್ತು ದಾಟಿತೋ, ಚೀಟಿ ನೇರವಾಗಿ ಏಳನೇ ಕೌಂಟರಿಗೆ, ಅಂದರೆ ತೂಕ ಇಳಿಸುವ ವಿಭಾಗಕ್ಕೆ. ಅಲ್ಲಿನ ಫಾರಮ್ಮಿನಲ್ಲಿ ‘ಬಂದ ಕಾರಣ’ದ ಕೆಳಗೆ ಹತ್ತು ಚೌಕಗಳಿವೆ, ಒಂದಕ್ಕೆ ಮಾತ್ರ ಗುರುತು ಹಾಕಬೇಕಂತೆ. ಒಬ್ಬ ಮನುಷ್ಯನಿಗೆ ಒಂದೇ ರೋಗ!

“ಇವರು ನಿಂಗೇನಾಗ್ಬೇಕಮ್ಮಾ?” ಎಂದು ಗುಮಾಸ್ತರು ಕೇಳಿದರು.

“ದೊಡ್ಡಮ್ಮ.”

“ಅದು ಕಾಣ್ತಾನೇ ಇದೆ ಬಿಡು.”

ಸಾಲಿನಲ್ಲಿದ್ದವರು ನಕ್ಕರು. ದೊಡ್ಡಮ್ಮನೂ ನಕ್ಕಳು. ಅಷ್ಟರಲ್ಲಿ ‘ಬೊಜ್ಜು’ ಎಂಬ ಚೌಕಕ್ಕೆ ಗುರುತು ಬಿದ್ದಾಗಿತ್ತು.

“ಅಣ್ಣಾ, ಎದೇಲೊಂದು ಗಂಟಿದೆ, ಅದಕ್ಕೇ ಬಂದಿದ್ದು,” ಎಂದಳು, ದನಿ ಇಳಿಸಿ.

“ಎಲ್ಲಾ ಕೊಬ್ಬೇ ಕಣಮ್ಮಾ. ಮೈ ಕರಗಿದ್ರೆ ಅದೂ ಕರಗತ್ತೆ. ಹತ್ತು ಕಿಲೋ ಇಳಿಸ್ಕೊಂಡು ಬನ್ನಿ, ಆಮೇಲೆ ನೋಡೋಣ.”

ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಎಂಟು ವರ್ಷ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವಳಿಗೆ ಕೌಂಟರಿನ ಆಚೆಯವರು ಬರೆದದ್ದನ್ನು ತಿದ್ದಿ ಅಭ್ಯಾಸವಿಲ್ಲ. ‘ಸ್ತನ’ ಎಂಬ ಪದವನ್ನು ಅಷ್ಟು ಜನರ ಮುಂದೆ ಹೇಳಲು ನಾಲಿಗೆಯೂ ಏಳಲಿಲ್ಲ. ಇಂಗ್ಲಿಷಿನಲ್ಲಿ ಹೇಳಿಬಿಡೋಣ ಎಂದುಕೊಂಡೆ. ಅದೂ ಬರಲಿಲ್ಲ. ‘ಜೊತೆಗೆ ಬಂದವರು’ ಎಂಬಲ್ಲಿ ನೀಟಾಗಿ ಸಹಿ ಮಾತ್ರ ಹಾಕಿದೆ.

ಆ ತೂಕದ ಯಂತ್ರದ ನೆತ್ತಿಯ ಮೇಲೆ ನೀವೇ ಅಂಟಿಸಿರುವ ಪೋಸ್ಟರನ್ನು ತಾವು ಎಂದಾದರೂ ಓದಿದ್ದೀರಾ? ಮುಟ್ಟು ನಿಂತ ಮೇಲೆ ಮೈಯ ಕೊಬ್ಬೇ ಈಸ್ಟ್ರೊಜೆನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ, ಬೊಜ್ಜು ಹೆಚ್ಚಿದಂತೆ ಸ್ತನ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ, ಗಂಟು ಸಿಕ್ಕರೆ ತಡಮಾಡದೆ ತೋರಿಸಿ ಎಂದು ಅದರಲ್ಲಿದೆ. ದಪ್ಪಗಿರುವವರಿಗೆಲ್ಲ ಬರುವುದಿಲ್ಲ, ತೆಳ್ಳಗಿರುವವರನ್ನು ಬಿಡುವುದೂ ಇಲ್ಲ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿದೆ. ಅದನ್ನೂ ಓದಿದೆ, ಮೂರು ಗಂಟೆ ನಿಲ್ಲಿಸಿದರೆ ಯಾರಾದರೂ ಓದುತ್ತಾರೆ. ಈಗ ನನ್ನ ದಡ್ಡ ಪ್ರಶ್ನೆ: ಅಪಾಯ ಹೆಚ್ಚಿರುವವರನ್ನು ಮೊದಲು ನೋಡಬೇಕೋ, ಕೊನೆಗೋ? ಗೋಡೆಗೆ ತಿಳಿದಿರುವ ಸಂಗತಿ ಗೋಡೆಗೆ ಒರಗಿ ಕೂತವರಿಗೆ ತಿಳಿಯದೇ? ಹೊತ್ತಿಕೊಂಡ ಮನೆಯವರಿಗೆ ‘ಮೊದಲು ಸೌದೆ ಖಾಲಿ ಮಾಡಿ, ಆಮೇಲೆ ನೀರು’ ಎನ್ನುವ ಅಗ್ನಿಶಾಮಕ ದಳವನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ?

ದೊಡ್ಡಮ್ಮ ಹೇಳಿದ್ದನ್ನು ಕೇಳುವ ಹೆಂಗಸು. ಹಿಟ್ಟು, ಸಕ್ಕರೆ ಬಿಟ್ಟಳು. ಗುಂಡಿಯ ಕಾಜಾ ಹೊಲಿಯುವಾಗಲೂ ಎದ್ದು ಓಡಾಡಿದಳು. ನಾನೂ ದಿನಾ ಮೆಸೇಜ್ ಮಾಡಿ “ಇವತ್ತೆಷ್ಟು ಹೆಜ್ಜೆ?” ಎಂದು ಜೀವ ತಿಂದೆ, ಗಂಟಿನ ಬಗ್ಗೆ ಅಷ್ಟು ಸಲ ಕೇಳಲಿಲ್ಲ. ನಾಲ್ಕು ತಿಂಗಳಲ್ಲಿ ಆರು ಕಿಲೋ ಇಳಿಯಿತು. ಪ್ರತಿ ಸಲವೂ ಅವಳು ಗಂಟಿನ ಮಾತೆತ್ತಿದಳು. ಪ್ರತಿ ಸಲವೂ “ಗುರಿ ಮುಟ್ಟಲಿ” ಎಂದು ಕಾರ್ಡಿನ ಮೇಲೆ ನಗುಮುಖದ ಮುದ್ರೆ ಒತ್ತಿದಿರಿ. ಈಗ ಕಾರ್ಡಿನಲ್ಲಿ ನಾಲ್ಕು ನಗುಮುಖಗಳಿವೆ. ಮೈಯೆಲ್ಲ ಇಳಿದರೂ ಆ ಕಡಲೆಕಾಳು ಮಾತ್ರ ನಿಮ್ಮ ಪಥ್ಯಕ್ಕೆ ಸೊಪ್ಪು ಹಾಕದೆ ನಿಂಬೆಹಣ್ಣಾಯಿತು.

ಕಳೆದ ತಿಂಗಳು ಹೊಸ ನರ್ಸೊಬ್ಬರು ಸೊಂಟ ಅಳೆಯಲು ಬಂದರು. ದೊಡ್ಡಮ್ಮ ಸುಮ್ಮನಿರುತ್ತಾಳೆಯೇ? “ಟೇಪು ತಿರುಚಿಕೊಂಡಿದೆ ತಾಯಿ, ಎರಡು ಇಂಚು ಸುಳ್ಳು ಹೇಳತ್ತೆ. ಕೊಡಿಲ್ಲಿ,” ಎಂದು ತಾನೇ ಅಳೆದು ತೋರಿಸಿದಳು. ಆಮೇಲೆ ಆ ನರ್ಸಿನ ಕೈ ಹಿಡಿದು ಎಡ ಎದೆಯ ಮೇಲಿಟ್ಟುಕೊಂಡಳು. “ಈಗ ಇಲ್ಲಿ ನೋಡಿ. ಇದನ್ನ ಯಾರೂ ಅಳೀತಿಲ್ಲ.”

ಆ ನರ್ಸ್ ಟೇಪನ್ನು ಅಲ್ಲೇ ಬಿಟ್ಟು ಡಾಕ್ಟರ ಕೋಣೆಗೆ ಓಡಿದರು. ನಿಮ್ಮ ಇಡೀ ಕಟ್ಟಡದಲ್ಲಿ ಯಾರಾದರೂ ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮ್ಯಾಮೊಗ್ರಾಮ್ ಆಯಿತು, ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾಯಿತು. ಕ್ಯಾನ್ಸರ್. ಕಂಕುಳಿಗೂ ಹಬ್ಬಿದೆ.

“ಸ್ವಲ್ಪ ಮೊದಲೇ ಬರಬೇಕಿತ್ತಲ್ಲಮ್ಮಾ,” ಎಂದರು ಕ್ಯಾನ್ಸರ್ ವಿಭಾಗದ ಡಾಕ್ಟರು.

“ಬಂದಿದ್ದೆ ಸಾರ್,” ಎಂದಳು ದೊಡ್ಡಮ್ಮ. “ತೂಕ ನೋಡ್ತಾ ಇದ್ರು.”

ಬರುವ ಬುಧವಾರ ಮೊದಲ ಕೀಮೋ ಎಂದು ಅವರು ದಿನ ಗೊತ್ತು ಮಾಡಿದ್ದಾರೆ. ಆದರೆ ಒಬ್ಬ ರೋಗಿಗೆ ಒಂದೇ ಫೈಲ್. ಅದು ಏಳನೇ ಕೌಂಟರಿನ ಕಪಾಟಿನಲ್ಲಿದೆ. ಕೇಳಲು ಹೋದರೆ ಅದೇ ಗುಮಾಸ್ತರು: “ಗುರಿ ಹತ್ತು ಕಿಲೋ, ಇಳಿದಿರೋದು ಆರು. ಗುರಿ ಮುಟ್ಟದೆ ಫೈಲ್ ಕಳ್ಸಕ್ಕೆ ರೂಲ್ಸಿಲ್ಲ.” ಅವಸರಪಡಬೇಡಿ ಮಾನ್ಯರೇ, ಹೀಗೇ ಬಿಟ್ಟರೆ ಆ ನಾಲ್ಕು ಕಿಲೋವನ್ನು ಕ್ಯಾನ್ಸರೇ ಇಳಿಸಿಕೊಡುತ್ತದೆ. ಆಗ ಐದನೆಯ ನಗುಮುಖ ಒತ್ತಬಹುದು.

ತೂಕ ಇಳಿಸುವುದು ಒಳ್ಳೆಯದೇ. ಡಾಕ್ಟರೂ ಅದನ್ನೇ ಹೇಳಿದರು. ನನ್ನ ತಕರಾರು ತೂಕದ ಯಂತ್ರದ ಮೇಲಲ್ಲ, ಅದನ್ನು ತಂದು ಬಾಗಿಲಿಗೆ ಅಡ್ಡ ಇಟ್ಟವರ ಮೇಲೆ. ದೊಡ್ಡಮ್ಮನ ಮಾತು ಕೇಳಿ: “ಕಸ್ಟಮರ್ ದಪ್ಪ ಆಗಿ ಬಂದ್ರೆ ನಾನು ಹೊಲಿಗೆ ಬಿಚ್ಚಿ ಸಡಿಲ ಮಾಡ್ತೀನಿ. ನೀನೇ ಸಣ್ಣ ಆಗಿ ಬಾ ಅಂತ ಕಳಿಸಿದ್ರೆ ಅಂಗಡಿ ನಡೆಯತ್ತೇನೇ?” ನಿಮ್ಮ ಅಂಗಡಿ ನಡೆಯುತ್ತಿದೆ, ಆಶ್ಚರ್ಯ.

ಮಂಗಳವಾರ ಸಂಜೆಯೊಳಗೆ ಆ ಫೈಲ್ ಕ್ಯಾನ್ಸರ್ ವಿಭಾಗದ ಮೇಜಿನ ಮೇಲಿರಬೇಕು. ಗಂಟು ಎಂದವಳನ್ನು ಮೊದಲು ಕೈಯಿಂದ ಮುಟ್ಟಿ ಪರೀಕ್ಷಿಸಬೇಕು, ತೂಕ ಆಮೇಲೆ. ಇಲ್ಲವಾದರೆ ಬುಧವಾರ ಬೆಳಿಗ್ಗೆ ಎಂಟಕ್ಕೆ ನಾನು ಏಳನೇ ಕೌಂಟರಿಗೇ ಬರುತ್ತೇನೆ, ಬಂದ ಕಾರಣವನ್ನು ಯಾರೂ ಕೇಳದಿದ್ದರೂ ಸಾಲಿನ ಕೊನೆಯವರಿಗೆ ಕೇಳಿಸುವಂತೆ ಹೇಳುತ್ತೇನೆ. ಸ್ತನ. ಎಡಗಡೆಯದು. ಹಾಸ್ಟೆಲಿನ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ್ದೇನೆ. ದನಿ ಇನ್ನೂ ನಡುಗುತ್ತದೆ, ಆದರೆ ಪದ ಸ್ಪಷ್ಟವಾಗಿ ಬರುತ್ತಿದೆ.

ಇಂತಿ,
ತಪ್ಪು ಚೌಕದ ಕೆಳಗೆ ನೀಟಾಗಿ ಸಹಿ ಹಾಕಿದ
‘ಜೊತೆಗೆ ಬಂದವಳು’