ನೆಲದ ಮೊಟ್ಟೆ

ಮಂಗಳವಾರ, ಮಧ್ಯಾಹ್ನ
ಕೋಳಿಮನೆಯ ಮುಂದಿನ ಕೋಣೆಯಿಂದ

ನನ್ನ ಸೌಟು ತಮ್ಮನಿಗೆ,

ಬೆಳಗ್ಗೆ ನೀನು ಫೋನ್ ಮಾಡಿದಾಗ ಹಾಲು ಉಕ್ಕುತ್ತಿದೆ ಎಂದು ಹೇಳಿ ಇಟ್ಟುಬಿಟ್ಟೆ. ಹಾಲು ಉಕ್ಕುತ್ತಿರಲಿಲ್ಲ, ಒಲೆಯನ್ನೇ ಹಚ್ಚಿರಲಿಲ್ಲ. ನಿನ್ನ ದನಿ ಕೇಳುವ ಧೈರ್ಯ ಇರಲಿಲ್ಲ, ಅಷ್ಟೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ಅರ್ಧಕ್ಕೇ "ಹೋಗ್ಲಿ ಬಿಡಕ್ಕಾ" ಅನ್ನುತ್ತೀಯ. ಕಾಗದದ ಬಾಯಿ ಮುಚ್ಚಿಸಲು ನಿನಗೆ ಆಗುವುದಿಲ್ಲ. ಮೇಲಾಗಿ ನಾಳೆ ಹತ್ತು ಗಂಟೆಗೆ ಆಸ್ಪತ್ರೆಯ ವಿಚಾರಣೆಯಲ್ಲಿ ಮೇಜಿನ ಮೇಲೆ ಇಡುವುದಕ್ಕೆ ನಿನಗೊಂದು ಬರಹ ಬೇಕು. ನಿನ್ನ ಭಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರಿಗೆ ಓದಲು ಕೊಟ್ಟಿಲ್ಲ.

ನಿನ್ನೆ ನಿನ್ನನ್ನು ನೋಡಿಕೊಂಡು ಬಂದ ಅವರು ಚಪ್ಪಲಿ ಬಿಡುವ ಮೊದಲೇ ಹೇಳಿದರು. ಒಂಬತ್ತು ವರ್ಷ ನಡೆಸಿದ ಅಡಿಗೆಮನೆಯ ಕೀಲಿಯನ್ನು ನಿನ್ನಿಂದ ಕಸಿದುಕೊಂಡಿದ್ದಾರಂತೆ. ಮೊಟ್ಟೆಯ ಪುಡ್ಡಿಂಗ್ ತಿಂದು ಹನ್ನೊಂದು ರೋಗಿಗಳಿಗೆ ವಾಂತಿ, ಜ್ವರ. ಹತ್ತು ಜನ ಎದ್ದು ಕೂತರೂ ಆರನೇ ಹಾಸಿಗೆಯ ಅಜ್ಜಿಗೆ ಇನ್ನೂ ಡ್ರಿಪ್ ಬಿಚ್ಚಿಲ್ಲವಂತೆ. ಇಷ್ಟೆಲ್ಲ ಆದಮೇಲೂ ನೀನು ಅಧಿಕಾರಿಯ ಮುಂದೆ, "ಅನುಮಾನ ಪಡೋದಿದ್ರೆ ನನ್ನ ಕೈ ಮೇಲೆ ಪಡಿ, ನಮ್ಮಕ್ಕನ ಮೊಟ್ಟೆ ಮೇಲೆ ಬೇಡ" ಅಂದೆಯಂತೆ.

ನಿನ್ನ ಕೈ ಶುದ್ಧವಾಗಿದೆ. ಮೊಟ್ಟೆ ಶುದ್ಧವಾಗಿರಲಿಲ್ಲ. ನಾಳೆ ನೀನು ಹೇಳಬೇಕಾದದ್ದು ಇಷ್ಟೇ. ಉಳಿದದ್ದನ್ನು ನಾನು ಹೇಳುತ್ತೇನೆ, ಪೂರ್ತಿ ಓದು.

ಆರು ತಿಂಗಳ ಹಿಂದೆ ಬಂದಿದ್ದಾಗ ನೀನು ಪಂಜರಗಳ ಸಾಲಿನ ಮುಂದೆ ನಿಂತು, "ಅಕ್ಕಾ, ಇವು ರೆಕ್ಕೆ ಬಿಚ್ಚಿದ್ದನ್ನ ನಾನು ನೋಡೇ ಇಲ್ವಲ್ಲೇ" ಅಂದೆ. ಅವತ್ತು ನಾನು ನಕ್ಕೆ. ರಾತ್ರಿ ಮಾತ್ರ ಅದೇ ತಲೆಯಲ್ಲಿ ಕೊರೆಯಿತು. ಮುಂದಿನ ವಾರವೇ ಪಂಜರ ಕೀಳಿಸಿದೆ, ನೆಲಕ್ಕೆ ಮರದ ಹೊಟ್ಟು ಹಾಸಿದೆ, ಕೂರಲು ಅಡ್ಡಗೋಲುಗಳು, ಮೊಟ್ಟೆಯಿಡಲು ಗೂಡುಪೆಟ್ಟಿಗೆಗಳು. ಆರುನೂರು ಕೋಳಿಗೆ ನೂರಿಪ್ಪತ್ತು ಗೂಡಾದರೂ ಬೇಕು ಎಂದು ಬಡಗಿ ಹೇಳಿದ. ನನಗೆ ಅವಸರ. ಅರವತ್ತಕ್ಕೆ ನಿಲ್ಲಿಸಿದೆ.

ಪಕ್ಕದ ಫಾರ್ಮಿನವನು, ನಾವು ತಂತಿಯಪ್ಪ ಅಂತ ಕರೆಯುತ್ತೇವಲ್ಲ, ಬೇಲಿಯಾಚೆ ನಿಂತು ಹೇಳಿದ: "ತಿಂಗಳೊಳಗೆ ನನ್ನ ಹತ್ರ ಪಂಜರ ಕೇಳ್ಕೊಂಡು ಬರ್ತೀಯಮ್ಮಾ." ಅವನ ಆ ನಗು ಇದೆಯಲ್ಲ, ಅದೇ ನನ್ನನ್ನು ಕೆಡಿಸಿತು. ಅವನ ಮುಂದೆ ಸೋಲುವುದಕ್ಕಿಂತ ಏನನ್ನಾದರೂ ಮಾಡಿಯೇನು ಎಂದುಕೊಂಡೆ. ಮಾಡಿಯೂ ಬಿಟ್ಟೆ.

ಮೊದಲ ದಿನ ಕೋಳಿಗಳು ಹೊಟ್ಟಿನಲ್ಲಿ ಹೊರಳಾಡಿದ್ದನ್ನು ನೋಡಿ ನಿನಗೆ ಫೋನ್ ಮಾಡಿ ಅತ್ತಿದ್ದೆ, ನೆನಪಿದೆಯಾ? ಆ ಅಳು ಸುಳ್ಳಲ್ಲ. ಆದರೆ ವರ್ಷವಿಡೀ ತಂತಿಯ ಮೇಲೆ ನಿಂತ ಕೋಳಿಗೆ ಗೂಡು ಅಂದರೇನು ಅಂತ ಹೇಗೆ ಗೊತ್ತಾಗಬೇಕು? ಮೊಟ್ಟೆಯಿಡುವ ಮೊದಲೇ, ಎಳೆಯ ವಯಸ್ಸಿನಲ್ಲೇ ಗೂಡು ತೋರಿಸಿ ಬೆಳೆಸಿದ ಕೋಳಿಗಳನ್ನು ತರಬೇಕಿತ್ತು. ನಾನು ಹಳೆಯವನ್ನೇ ನೆಲಕ್ಕಿಳಿಸಿದೆ. ಅವು ಕತ್ತಲಿನ ಮೂಲೆ ಹುಡುಕಿ, ನೀರಿನ ಪೈಪಿನ ಕೆಳಗೆ ಹೊಟ್ಟು ಒದ್ದೆಯಾದಲ್ಲೇ, ತಮ್ಮ ಹಿಕ್ಕೆಯ ಮೇಲೆಯೇ ಇಟ್ಟವು. ಪಂಜರದಲ್ಲಿ ಇಟ್ಟ ಮೊಟ್ಟೆ ಇಳಿಜಾರು ತಂತಿಯ ಮೇಲೆ ಉರುಳಿ ಮುಂದಿನ ಕಾಲುವೆಯಂಥ ದೋಣಿಗೆ ಬೀಳುತ್ತಿತ್ತು. ಕೋಳಿಗೆ ಕಷ್ಟವಾಗಿದ್ದರೂ ಮೊಟ್ಟೆ ಹೊಲಸಿನಿಂದ ದೂರ ಹೋಗುತ್ತಿತ್ತು. ಇಲ್ಲಿ ಕೋಳಿಗೆ ಸುಖ, ಮೊಟ್ಟೆ ಹೊಲಸಿನಲ್ಲಿ. ಗೂಡಿನ ಲೆಕ್ಕ ಸರಿಯಾಗಿದ್ದು, ಹೊಟ್ಟು ಒಣಗಿದ್ದರೆ ಎರಡಕ್ಕೂ ಒಳ್ಳೆಯದಾಗುತ್ತಿತ್ತು. ಆ ಮಾತನ್ನು ಇವತ್ತಿಗೂ ಬಿಡುವುದಿಲ್ಲ.

ಹತ್ತರಲ್ಲಿ ಮೂರು ಮೊಟ್ಟೆ ನೆಲದಲ್ಲಿ ಸಿಗುತ್ತಿದ್ದವು. ನಮ್ಮ ಕೆಲಸದಲ್ಲಿ ನೆಲದ ಮೊಟ್ಟೆಯನ್ನು ಒಳ್ಳೆಯ ಟ್ರೇಗೆ ಸೇರಿಸುವಂತಿಲ್ಲ, ಕೋಳಿ ಸಾಕುವ ಯಾರನ್ನು ಕೇಳಿದರೂ ಹೇಳುತ್ತಾರೆ. ಬೇರೆ ಇಟ್ಟರೆ ನಿನ್ನ ಆಸ್ಪತ್ರೆಗೆ ದಿನಕ್ಕೆ ಹದಿನಾಲ್ಕು ಟ್ರೇ ತುಂಬುತ್ತಿರಲಿಲ್ಲ. ತುಂಬದಿದ್ದರೆ ತಂತಿಯಪ್ಪ ತುಂಬಿಸುತ್ತಿದ್ದ. ಹಿತ್ತಿಲ ತೊಟ್ಟಿಗೆ ತಣ್ಣೀರು ಬಿಟ್ಟು, ಒಂದೊಂದನ್ನೇ ತಿಕ್ಕಿ ತೊಳೆದು, ಒರೆಸಿ, ಗೂಡಿನ ಮೊಟ್ಟೆಯ ನಡುವೆ ಇಟ್ಟೆ. ಗೂಡಿನದಕ್ಕಿಂತ ಅವೇ ಹೊಳೆಯುತ್ತಿದ್ದವು. ಮೇಲೆ ಥಳಕು, ಒಳಗೆ ಹುಳುಕು ಅಂದರೆ ಇದೇ ಇರಬೇಕು.

ತೊಳೆದರೆ ಕೆಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೊನ್ನೆ ಪಶುವೈದ್ಯೆ ಬಿಡಿಸಿ ಹೇಳಿದಳು. ಕೋಳಿಯ ಮೈಯಿಂದ ಬಂದ ಮೊಟ್ಟೆ ಬೆಚ್ಚಗಿರುತ್ತದೆ, ಮೇಲೊಂದು ತೆಳ್ಳನೆಯ ಲೇಪ ಇರುತ್ತದೆ. ತಿಕ್ಕಿದರೆ ಆ ಲೇಪ ಹೋಯಿತು. ತಣ್ಣೀರಿಗೆ ಬಿದ್ದರೆ ಒಳಗಿನದು ಕುಗ್ಗಿ, ಕಣ್ಣಿಗೆ ಕಾಣದ ತೂತುಗಳಿಂದ ಹೊರಗಿನ ಕೊಳೆನೀರನ್ನು ಎಳೆದುಕೊಳ್ಳುತ್ತದಂತೆ. ಅಂದರೆ ನಾನು ಹೊಲಸನ್ನು ತೆಗೆಯಲಿಲ್ಲ, ಒಳಕ್ಕೆ ಕಳಿಸಿದೆ. ನೀನೋ, ಗಂಟಲು ನೋವಿನ ರೋಗಿಗಳಿಗೆಂದು ಪುಡ್ಡಿಂಗನ್ನು ಮೆತ್ತಗೆ, ಸಣ್ಣ ಉರಿಯಲ್ಲಿ ಮಾಡುವವನು. ಒಂಬತ್ತು ವರ್ಷವೂ ಹಾಗೇ ಮಾಡಿದೆ, ಯಾರಿಗೂ ಏನೂ ಆಗಲಿಲ್ಲ. ಇನ್ನು ಮುಂದೆ ಯಾರ ಮೊಟ್ಟೆಯಾದರೂ ಚೆನ್ನಾಗಿ ಬೇಯಿಸು, ಅಕ್ಕನದಾದರೂ ಸರಿಯೇ. ಆದರೆ ಈ ಸಲದ ತಪ್ಪನ್ನು ನಿನ್ನ ಉರಿಯ ಮೇಲೆ ಹಾಕಲು ಬಿಡಬೇಡ.

ಇನ್ನು ದೊಡ್ಡ ಸುಳ್ಳು. ಪರೀಕ್ಷೆಗೆ ಬಂದ ಅಧಿಕಾರಿ ನಿನ್ನ ಹತ್ತಿರ ಬರುವ ಮೊದಲು ನನ್ನ ಹತ್ತಿರ ಬಂದಿದ್ದ. ಬಾಗಿಲಲ್ಲೇ ನಿಂತು, "ನೆಲದ ಮೊಟ್ಟೆ ಎಷ್ಟು ಬರುತ್ತಮ್ಮಾ?" ಅಂದ. "ಒಂದೂ ಇಲ್ಲ" ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಕೈ ಒದ್ದೆಯಾಗಿದೆಯೇನೋ ಎಂದು ಸೀರೆಗೆ ಒರೆಸಿಕೊಂಡೆ. ಅವನು ಗಮನಿಸಲಿಲ್ಲ. ಬರೆದುಕೊಂಡು ಸೀದಾ ನಿನ್ನ ಅಡಿಗೆಮನೆಗೆ ಹೋದ. ನಿನ್ನ ಕೀಲಿ ಹೋದದ್ದು ಆ ಎರಡು ಶಬ್ದದಿಂದ.

ಹನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಯಾಕೆ ಅಂತ ಕೇಳುತ್ತೀಯ. ನಾವೂ ಅದೇ ಕೋಳಿಗಳ ಮೊಟ್ಟೆ ತಿಂದೆವು, ನಮಗೇನೂ ಆಗಲಿಲ್ಲವಲ್ಲ, ನನ್ನದಿರಲಿಕ್ಕಿಲ್ಲ ಎಂದು ಮನಸ್ಸನ್ನು ಸಮಾಧಾನ ಮಾಡಿದೆ. ಇಷ್ಟು ದೂರ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವಳು ನಾನು, ಉಂಡವರು ನಿನ್ನ ರೋಗಿಗಳು, ಅನುಭವಿಸುವವನು ನೀನು. ಯಾವ ನ್ಯಾಯ ಇದು?

ನಿನ್ನೆಯಿಂದ ಒಂದು ಮೊಟ್ಟೆಯನ್ನೂ ಹೊರಗೆ ಕಳಿಸಿಲ್ಲ. ಕೋಳಿಗಳ, ಹೊಟ್ಟಿನ ಪರೀಕ್ಷೆಗೆ ಪಶುವೈದ್ಯೆಗೆ ಬಾಗಿಲು ತೆರೆದುಕೊಟ್ಟಿದ್ದೇನೆ. ಬಾಗಿಲಿಗೆ ಬೀಗ ಬಿದ್ದರೆ ಬೀಳಲಿ. ತಂತಿಯಪ್ಪ ನಗಲಿ, ಹೊಟ್ಟೆ ತುಂಬ ನಗಲಿ. ನನಗೆ ಈಗ ಭಯವಿರುವುದು ಆರನೇ ಹಾಸಿಗೆಯದು ಮಾತ್ರ. ಆ ಅಜ್ಜಿ ಎದ್ದರೆ ಯಾರಿಂದಲಾದರೂ ಹೇಳಿ ಕಳಿಸು. ನೀನೇ ಫೋನ್ ಮಾಡಬೇಕೆಂದು ಕೇಳುವ ಮುಖ ನನಗಿಲ್ಲ.

ನಿನ್ನ ಕೈಯನ್ನು ಚಿಕ್ಕಂದಿನಲ್ಲಿ ತೊಳೆಯುತ್ತಿದ್ದ,
ನಿನ್ನ ಅಕ್ಕ

ಮರೆತ ಮಾತು: ಮಡಚುವ ಮೊದಲು ಒಮ್ಮೆ ಓದಿಕೊಂಡೆ. ಗೊತ್ತಿರಲಿಲ್ಲ ಎಂದು ಎರಡು ಕಡೆ ಬರೆದಿದ್ದೇನೆ. ಹೊಡೆದುಹಾಕುವುದಿಲ್ಲ, ಅಲ್ಲೇ ಇರಲಿ, ನಾನು ಎಂಥವಳು ಎಂದು ನಿನಗೆ ತಿಳಿಯಲಿ. ತಣ್ಣೀರಿನ ವಿಷಯ ಗೊತ್ತಿರಲಿಲ್ಲ, ನಿಜ. ಆದರೆ ತೊಳೆದ ಅಷ್ಟೂ ದಿನ ನಮ್ಮ ಮನೆಯ ಬುಟ್ಟಿಗೆ ಗೂಡಿನ ಮೊಟ್ಟೆಯನ್ನೇ ಆರಿಸಿ ಹಾಕಿಕೊಂಡೆ. ನೆಲದ್ದು ಒಂದೂ ನಮ್ಮ ಒಲೆಯ ಹತ್ತಿರ ಹೋಗಲಿಲ್ಲ. ನನ್ನನ್ನು ಉಳಿಸಲು ನೀನು ಈ ಹಾಳೆಯನ್ನು ಹರಿಯುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತು. ಹರಿದು ಪ್ರಯೋಜನವಿಲ್ಲ. ಇದೇ ಕಾಗದವನ್ನು ಇನ್ನೊಂದು ಸಲ ಬರೆದು, ಈ ಮರೆತ ಮಾತನ್ನು ಎಲ್ಲಕ್ಕಿಂತ ಮೇಲೆ ಹಾಕಿ, ಅಧಿಕಾರಿಯ ಕೈಗೆ ಕೊಟ್ಟು ಬಂದ ಮೇಲೆಯೇ ಇದನ್ನು ಮಡಚುತ್ತಿದ್ದೇನೆ.