ಒಂದು ಚೀಟಿ, ಎರಡು ಗಂಟು

ಮಂಗಳವಾರ, ಫೆಬ್ರವರಿ ೧೧

ಕಡ್ಡಿ ಇವತ್ತು ವಾಪಸ್ ಬಂದಿದ್ದ. ಹೋದ ತಿಂಗಳು ಸೆಮಿಫೈನಲ್‌ಗೆ ಮೂರೇ ದಿನ ಇದೆ ಅನ್ನುವಾಗ ‘ನನ್ನ ಕೈಲಾಗಲ್ಲ’ ಅಂತ ಬೂಟನ್ನು ಕಪಾಟಿನಲ್ಲೇ ಬಿಟ್ಟು ಕಾಲೇಜು ಫುಟ್‌ಬಾಲ್ ತಂಡದಿಂದ ಹೋದವನು. ಅವನ ಜಾಗಕ್ಕೆ ಬಂದವನು ನಾನು. ಅಳತೆ ಒಂದೇ ಅಂತ ಕೋಚ್ ಸರ್ ಅವನ ಬೂಟನ್ನೂ ನನಗೇ ಕೊಟ್ಟಿದ್ದರು.

ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ನಿಂತು, ‘ತಪ್ಪಾಯ್ತು, ಇನ್ನೊಂದ್ಸಲ ಸೇರಿಸ್ಕೊಳ್ಳಿ’ ಅಂದ. ಸರ್ ಅವನನ್ನು ಹೊರಗೆ ಕೂರಿಸಿ ನಮಗೆಲ್ಲ ಚೀಟಿ ಹಂಚಿದರು. ‘ಬರಲಿ, ಇಲ್ಲ ಬೇಡ, ಅಷ್ಟೇ ಬರೀರಿ. ನಿಮ್ಮ ಹೆಸರು ಬರೀಬೇಡಿ. ಒಬ್ರು ಬೇಡ ಅಂದ್ರೂ ಸೇರಿಸ್ಕೊಳ್ಳಲ್ಲ.’

ಒಂದೇ ಒಂದು ‘ಬೇಡ’ ಬಂತು.

ಎಲ್ಲರೂ ಗೋಲ್‌ಕೀಪರ್ ಕಡೆ ತಿರುಗಿದರು. ಅವನಿಗೂ ಕಡ್ಡಿಗೂ ಮೊದಲಿಂದ ಆಗುತ್ತಿರಲಿಲ್ಲ. ಪಾಪ, ‘ನಾನಲ್ಲ ಕಣ್ರೋ’ ಅಂದರೂ ಯಾರೂ ನಂಬಲಿಲ್ಲ. ಅದನ್ನು ಬರೆದ ನಾನೂ ಅವನ ಮುಖವನ್ನೇ ನೋಡಿದೆ.

ಹೊರಡುವಾಗ ಕಡ್ಡಿ ನನ್ನ ಕಾಲು ನೋಡಿದ. ಬೂಟು ಬಿಚ್ಚಿಕೊಡೋಣ ಅಂತ ಬಗ್ಗಿದೆ. ‘ಇರಲಿ ಬಿಡೋ, ನೀನೇ ಹಾಕ್ಕೊ. ಎಡಗಾಲಿನ ಲೇಸ್ ಆಟದ ಮಧ್ಯೆ ಬಿಚ್ಕೊಳ್ಳುತ್ತೆ’ ಅಂತ ಮಂಡಿಯೂರಿ ತಾನೇ ಎರಡು ಗಂಟು ಹಾಕಿದ.

ಅದೇ ಬೂಟಲ್ಲಿ ಮನೆಗೆ ನಡೆದು ಬಂದೆ. ಅರ್ಧಕ್ಕೆ ಬಿಟ್ಟುಹೋದವನಿಗೆ ಮತ್ತೆ ಅವಕಾಶ ಕೊಡಬಾರದು, ಶಿಸ್ತು ಅಂತ ಒಂದಿರಬೇಕು ಅಂತ ದಾರಿಯುದ್ದಕ್ಕೂ ಹೇಳಿಕೊಂಡೆ. ಆದರೆ ಅವನು ಬೇರೆ ಯಾವ ಜಾಗದಲ್ಲಿ ಆಡುವವನಾಗಿದ್ದರೂ ನಾನು ಕಣ್ಣುಮುಚ್ಚಿ ‘ಬರಲಿ’ ಅಂತ ಬರೆಯುತ್ತಿದ್ದೆ.

ಬಲಗಾಲಿನದು ಬಿಚ್ಚಿಟ್ಟೆ. ಎಡಗಾಲಿನದು ಇನ್ನೂ ಕಾಲಲ್ಲೇ ಇದೆ. ‘ಬೂಟು ಹಾಕ್ಕೊಂಡೇ ಮಲಗ್ತೀಯೇನೋ?’ ಅಂತ ಅಮ್ಮ ಎರಡು ಸಲ ಕೇಳಿದಳು.

ಗಂಟು ಬಿಗಿಯಾಗಿದೆ ಅಂದೆ.